ಮಳೆಗಾಲದಲ್ಲೂ ಕೈಕೊಡದ ಇಂಟರ್ನೆಟ್ ಆರಿಸುವುದು ಹೇಗೆ?

ನಮ್ಮ ಮನೆ ಇರುವುದು ಶಿರಸಿಯಿಂದ 14 ಕಿಲೋಮೀಟರ್ ಒಳಗೆ. ಕೆಳಗೆ ಅಡಿಕೆ ತೋಟ, ಮೇಲೆ ಬೆಟ್ಟ. 2020ರಲ್ಲಿ ಶಾಲೆ ಮುಚ್ಚಿದ್ದಾಗ ನಮ್ಮೂರಿನ ಮಕ್ಕಳು ಆನ್‌ಲೈನ್ ಕ್ಲಾಸಿಗೆ ಆ ಬೆಟ್ಟ ಹತ್ತಿ ಕೂರುತ್ತಿದ್ದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮೊಬೈಲು. ಈಗ ಮನೆ ಬಾಗಿಲಿಗೆ ಫೈಬರ್, ಅಂದರೆ ಬೆಳಕಿನ ಮೂಲಕ ಇಂಟರ್ನೆಟ್ ತರುವ ಗಾಜಿನ ಎಳೆಯ ಕೇಬಲ್, ಬಂದಿದೆ. ಮಗಳು ಬೆಂಗಳೂರಿನ ಕಂಪನಿಯ ಕೆಲಸವನ್ನು ಇಲ್ಲೇ ಜಗಲಿಯಲ್ಲಿ ಕೂತು ಮಾಡುತ್ತಾಳೆ.

ಎರಡು ವರ್ಷದ ಹಿಂದೆ ನಾವು ಕನೆಕ್ಷನ್ ಬದಲಾಯಿಸಿದೆವು. ಕೈಗೆ ಸಿಕ್ಕ ಚೀಟಿಯಲ್ಲಿ ಒಬ್ಬರದ್ದು 60 ಎಂಬಿಪಿಎಸ್ (ಸೆಕೆಂಡಿಗೆ ಎಷ್ಟು ಮೆಗಾಬಿಟ್ ಎಂಬ ವೇಗದ ಅಳತೆ), ಇನ್ನೊಬ್ಬರದ್ದು 200. ದುಡ್ಡು ಹೆಚ್ಚುಕಮ್ಮಿ ಒಂದೇ. 200ರದ್ದನ್ನೇ ತೆಗೆದುಕೊಂಡೆವು. ಜುಲೈನಲ್ಲಿ ಗಾಳಿಮಳೆಗೆ ಮತ್ತಿಮರ ಬಿದ್ದು ಲೈನ್ ಹೋಯಿತು. ಫೋನ್ ಮಾಡಿದಾಗೆಲ್ಲ "ನಾಳೆ ಬರ್ತಾರೆ" ಎಂಬ ಉತ್ತರ. ಹಾಗೆ 11 ದಿನ ಕಳೆಯಿತು. ಮಗಳು ದಿನಾ ಬಸ್ ಹತ್ತಿ ಶಿರಸಿಯ ಅತ್ತೆ ಮನೆಗೆ ಹೋಗಿ ಕೆಲಸ ಮಾಡಿದಳು. ಪಕ್ಕದ ಮನೆಯವರ 60 ಎಂಬಿಪಿಎಸ್ ಲೈನು ಅದೇ ಮರದ ಕೆಳಗೇ ಹೋಗಿತ್ತು. ಅದು ಎರಡನೇ ದಿನವೇ ಸರಿಯಾಯಿತು.

ಆಮೇಲೆ ಇದರ ಬೆನ್ನು ಹತ್ತಿ ಕಲಿತೆ. ನೆಂಟರು, ಊರಿನವರು ಕೇಳಿದಾಗ ಹೇಳುವ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಎಷ್ಟು ವೇಗ ಬೇಕು?

ಪೇಟೆಯ ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲಿ ಕೂತು ಲೆಕ್ಕ ಹಾಕಿ. ಟಿವಿಯಲ್ಲಿ ಫುಲ್ ಎಚ್‌ಡಿ ಸಿನಿಮಾ ನೋಡಲು ಸುಮಾರು 5 ಎಂಬಿಪಿಎಸ್ ಸಾಕು. 4ಕೆ ಟಿವಿಗೆ 15. ಒಂದು ವಿಡಿಯೋ ಮೀಟಿಂಗಿಗೆ ನಮ್ಮ ಚಿತ್ರ ಕಳಿಸಲು ಮೂರು-ನಾಲ್ಕು, ಅವರದ್ದು ಬರಲು ಮೂರು-ನಾಲ್ಕು. ಅಪ್ಪ ಟಿವಿ, ಅಮ್ಮ ಯೂಟ್ಯೂಬ್, ಮಗಳು ಮೀಟಿಂಗ್, ತಮ್ಮನ ಕೈಯಲ್ಲಿ ಮೊಬೈಲ್ ಎಂದಿಟ್ಟುಕೊಂಡರೂ 40 ದಾಟುವುದು ಕಷ್ಟ. ಐದಾರು ಜನರ ಮನೆಗೆ ಸರಿಯಾಗಿ ಬರುವ 50–60 ಧಾರಾಳ ಆಯಿತು.

ಇಲ್ಲಿ ಒಂದು ಗೊಂದಲ ಎಲ್ಲರಿಗೂ ಆಗುತ್ತದೆ. ಪ್ಲಾನಿನಲ್ಲಿ ಹೇಳುವುದು ಮೆಗಾಬಿಟ್. ಫೈಲ್ ಇಳಿಸುವಾಗ ಕಂಪ್ಯೂಟರ್ ತೋರಿಸುವುದು ಮೆಗಾಬೈಟ್. ಒಂದು ಬೈಟ್ ಎಂದರೆ 8 ಬಿಟ್. ಹಾಗಾಗಿ 100 ಎಂಬಿಪಿಎಸ್ ಪ್ಲಾನಿನಲ್ಲಿ ಫೈಲು ಸೆಕೆಂಡಿಗೆ 12.5 ಮೆಗಾಬೈಟ್ ಇಳಿದರೆ ಮೋಸ ಆಗಿಲ್ಲ, ಪೂರ್ತಿ ವೇಗವೇ ಸಿಕ್ಕಿದೆ.

ಕಳಿಸುವ ವೇಗವನ್ನೂ, ಅಂದರೆ ಅಪ್‌ಲೋಡನ್ನೂ ಕೇಳಿ. ಮನೆಯಿಂದ ಕೆಲಸ ಮಾಡುವವರಿಗೆ, ಅಡಿಕೆ ಅಂಗಳಕ್ಕೆ ಸಿಸಿ ಕ್ಯಾಮೆರಾ ಹಾಕಿಸಿದವರಿಗೆ ಇದು ಬಹಳ ಮುಖ್ಯ. ಫೈಬರ್‌ನಲ್ಲಿ ಸಾಮಾನ್ಯವಾಗಿ ಎರಡೂ ಕಡೆ ಒಂದೇ ವೇಗ ಕೊಡುತ್ತಾರೆ. ಟವರ್‌ನಿಂದ ಗಾಳಿಯಲ್ಲಿ ಬರುವ ಕನೆಕ್ಷನ್ನಿನಲ್ಲಿ ಅಪ್‌ಲೋಡ್ ಕಮ್ಮಿ ಇರುತ್ತದೆ.

ನಿಮ್ಮ ಕಂಬದವರೆಗೆ ಬಂದವರು ಯಾರು?

ಬಿಎಸ್‌ಎನ್‌ಎಲ್‌ನ ಭಾರತ್ ಫೈಬರ್, ಜಿಯೋ, ಏರ್‌ಟೆಲ್, ಊರಿನ ಕೇಬಲ್ ಟಿವಿಯವರ ಲೈನು – ಹೆಸರು ಹಲವು. ಆದರೆ ಟಿವಿಯಲ್ಲಿ ಜಾಹೀರಾತು ಬಂದ ಮಾತ್ರಕ್ಕೆ ನಿಮ್ಮ ಕೇರಿಗೆ ಲೈನ್ ಬಂದಿದೆ ಎಂದಲ್ಲ. ಶಿರಸಿ, ಕಾರವಾರ, ಕುಮಟಾ ಪೇಟೆಯಲ್ಲಿ ಆಯ್ಕೆ ಜಾಸ್ತಿ. ಹಳ್ಳಿಯಲ್ಲಿ ಒಂದೋ ಎರಡೋ. ಕಾರವಾರದ ಅಪಾರ್ಟ್‌ಮೆಂಟಿನಲ್ಲಿದ್ದರೆ ಕಟ್ಟಡದೊಳಗೆ ಯಾರ ಕೇಬಲ್ ಎಳೆದಿದ್ದಾರೆ ಎಂದು ಮೊದಲು ಸಂಘದವರನ್ನು ಕೇಳಿ.

ಹಳ್ಳಿಗಳಲ್ಲಿ ಬಿಎಸ್‌ಎನ್‌ಎಲ್ ಫೈಬರನ್ನು ಬಹಳ ಕಡೆ ನೋಡಿಕೊಳ್ಳುವುದು ಊರಿನದೇ ಪಾಲುದಾರರು. ಕೇಬಲ್ ಎಳೆಯುವವರು ಅವರು, ರಿಪೇರಿಗೆ ಬರುವವರೂ ಅವರೇ. ಕಂಪನಿ ಒಂದೇ ಆದರೂ ಈ ಊರಿನಲ್ಲಿ ಚೆನ್ನಾಗಿರುತ್ತದೆ, ಆಚೆ ಊರಿನಲ್ಲಿ ಬೈಸಿಕೊಳ್ಳುತ್ತದೆ. ಕಾರಣ ಇದೇ. ಹಾಗಾಗಿ ಶಿರಸಿಯ ಭಾವನಿಗೆ ಚೆನ್ನಾಗಿದೆ ಎಂದು ಸಿದ್ದಾಪುರದ ಮನೆಗೆ ಅದನ್ನೇ ಹಾಕಿಸಬೇಡಿ. ನಿಮ್ಮದೇ ಕಂಬದಿಂದ ಲೈನ್ ತೆಗೆದುಕೊಂಡವರನ್ನು ಕೇಳಿ.

ಏರ್‌ಫೈಬರ್ ಎಂಬುದು 2023ರಿಂದ ಬಂದಿದೆ. ಹೆಸರಿನಲ್ಲಿ ಫೈಬರ್ ಇದ್ದರೂ ಮನೆಗೆ ಬರುವುದು 5ಜಿ ಟವರ್‌ನ ಸಿಗ್ನಲ್. ಮರ ಬಿದ್ದರೆ ತುಂಡಾಗಲು ತಂತಿ ಇಲ್ಲ, ಅದು ಒಳ್ಳೆಯದೇ. ಆದರೆ ನಡುವೆ ಗುಡ್ಡ ಅಡ್ಡ ಬಂದರೆ ವೇಗ ಬೀಳುತ್ತದೆ. ಕರೆಂಟು ಹೋಗಿ ಟವರ್‌ನ ಬ್ಯಾಟರಿ ಮುಗಿದರೆ ಇಂಟರ್ನೆಟ್ಟೂ ಹೋಯಿತು. ಮಳೆಗಾಲದಲ್ಲಿ ಕರೆಂಟು ಹೋದ ಮೇಲೆ ನಿಮ್ಮೂರಿನ ಟವರ್ ಎಷ್ಟು ಹೊತ್ತು ನಡೆಯುತ್ತದೆ ಎಂದು ನಿಮಗೇ ಗೊತ್ತಿರುತ್ತದಲ್ವಾ? ಅದನ್ನು ನೆನಪಿಟ್ಟುಕೊಂಡು ತೀರ್ಮಾನ ಮಾಡಿ.

ರಾತ್ರಿ ಒಂಬತ್ತಕ್ಕೆ ಅಳೆಯಿರಿ

ಬೆಳಿಗ್ಗೆ ಆರಕ್ಕೆ ಎಲ್ಲರ ಲೈನೂ ಚೆನ್ನಾಗಿರುತ್ತದೆ. ನಿಜ ಗೊತ್ತಾಗುವುದು ರಾತ್ರಿ ಎಂಟರಿಂದ ಹನ್ನೊಂದರೊಳಗೆ, ಎಲ್ಲರೂ ಟಿವಿ ಮುಂದೆ ಕೂತಾಗ. ಫೈಬರ್‌ನಲ್ಲಿ ಒಂದು ಎಳೆಯನ್ನು 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. ಅಲ್ಲಿಂದ ಬೆಂಗಳೂರಿಗೆ ಹೋಗುವ ದಾರಿ ಇಕ್ಕಟ್ಟಾಗಿದ್ದರೆ ಸಂಜೆ ಹೊತ್ತಿಗೆ ಎಲ್ಲರ ಇಂಟರ್ನೆಟ್ಟೂ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಕನೆಕ್ಷನ್ ತೆಗೆದುಕೊಳ್ಳುವ ಮುಂಚೆ ಅಳೆಯುವುದು ಹೇಗೆ? ಪಕ್ಕದ ಮನೆಯಲ್ಲಿ ಆ ಲೈನ್ ಇದ್ದರೆ ರಾತ್ರಿ ಊಟ ಮುಗಿಸಿ ಹೋಗಿ ಕೂತುಕೊಳ್ಳಿ. ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ತಂದ ಮೈಸ್ಪೀಡ್ ಆ್ಯಪ್ ಇದೆ, ಊಕ್ಲಾದ ಸ್ಪೀಡ್‌ಟೆಸ್ಟ್ ಇದೆ, ನೆಟ್‌ಫ್ಲಿಕ್ಸ್‌ನವರ ಫಾಸ್ಟ್ ಇದೆ. ಎಲ್ಲವೂ ಪುಕ್ಕಟೆ. ಊಕ್ಲಾದಲ್ಲಿ ಒಂದು ಸಂಗತಿ ಗಮನಿಸಿ. ಅದು ತಾನಾಗಿ ಹತ್ತಿರದ ಸರ್ವರ್, ಅಂದರೆ ಅಳತೆಗೆ ಉತ್ತರ ಕೊಡುವ ಆಚೆ ಕಡೆಯ ಕಂಪ್ಯೂಟರ್, ಹಿಡಿಯುತ್ತದೆ. ಬಹಳ ಸಲ ಅದು ಅದೇ ಕಂಪನಿಯದ್ದೇ ಆಗಿರುತ್ತದೆ. ಆಗ ಬರುವ ಅಂಕಿ ಮನೆಯಿಂದ ಅವರ ಅಂಗಳದವರೆಗಿನ ವೇಗ ಮಾತ್ರ. ಸರ್ವರ್ ಬದಲಾಯಿಸಿ, ಬೆಂಗಳೂರಿನದೋ ಮುಂಬೈಯದೋ ಬೇರೆ ಕಂಪನಿಯ ಸರ್ವರ್ ಹಾಕಿ ಇನ್ನೊಮ್ಮೆ ನೋಡಿ.

ಆದಷ್ಟು ವೈಫೈನಲ್ಲಿ ಅಳೆಯಬೇಡಿ. ರೂಟರ್‌ನಿಂದ, ಅಂದರೆ ಮನೆಗೆ ವೈಫೈ ಕೊಡುವ ಡಬ್ಬಿಯಿಂದ, ಲ್ಯಾಪ್‌ಟಾಪ್‌ಗೆ ನೇರ ಲ್ಯಾನ್ ಕೇಬಲ್ ಹಾಕಿ. ನಮ್ಮ ಕಡೆಯ ಚಿರೆಕಲ್ಲಿನ ಗೋಡೆ, ಹಳೆ ಮನೆಯ ದಪ್ಪ ಮಣ್ಣಿನ ಗೋಡೆ ವೈಫೈಯನ್ನು ನುಂಗಿಬಿಡುತ್ತವೆ. ನಮ್ಮನೆಯಲ್ಲಿ ರೂಟರ್ ಪಕ್ಕ 95 ಬರುತ್ತದೆ, ಎರಡು ಗೋಡೆ ದಾಟಿ ಅಡುಗೆಮನೆಯಲ್ಲಿ 11. ತಪ್ಪು ಕಂಪನಿಯದ್ದಲ್ಲ, ರೂಟರ್ ಇಟ್ಟ ಜಾಗದ್ದು. 5 ಗಿಗಾಹರ್ಟ್ಸ್ ವೈಫೈ ವೇಗ ಜಾಸ್ತಿ, ಗೋಡೆ ದಾಟುವುದು ಕಮ್ಮಿ. 2.4 ಗಿಗಾಹರ್ಟ್ಸ್ ಅದಕ್ಕೆ ಉಲ್ಟಾ. ಇನ್ನು ಕೆಲವು ಅಗ್ಗದ ಡಬ್ಬಿಗಳ ಲ್ಯಾನ್ ಪೋರ್ಟು 100 ಎಂಬಿಪಿಎಸ್‌ನದ್ದು. 200ರ ಪ್ಲಾನ್ ಹಾಕಿಸಿದರೂ ಅದರಲ್ಲಿ 95ರ ಆಚೆ ಬರುವುದೇ ಇಲ್ಲ. ಡಬ್ಬಿ ಕೊಡುವಾಗಲೇ ಗಿಗಾಬಿಟ್ (1000 ಎಂಬಿಪಿಎಸ್‌ನ) ಪೋರ್ಟ್ ಇದೆಯಾ ಎಂದು ಕೇಳಿಬಿಡಿ.

ವೇಗದ ಜೊತೆ ಪಿಂಗ್ ನೋಡಿ. ನಿಮ್ಮ ಮಾತು ಅಲ್ಲಿಗೆ ಹೋಗಿ ಉತ್ತರ ವಾಪಸ್ ಬರಲು ಹಿಡಿಯುವ ಹೊತ್ತು ಅದು. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಶಿರಸಿಯಿಂದ ಬೆಂಗಳೂರಿಗೆ ಹೋಗಿ ಬರಲು ಬೆಳಕಿಗೆ ನಾಲ್ಕೈದು ಮಿಲಿಸೆಕೆಂಡ್ ಸಾಕು. ಸುತ್ತುದಾರಿ, ನಡುವಿನ ಯಂತ್ರಗಳು ಎಲ್ಲ ಸೇರಿ 15–30 ಬಂದರೆ ಒಳ್ಳೆಯ ಲೈನು. ರಾತ್ರಿ ಅದು 150 ಆದರೆ ಮೀಟಿಂಗಿನಲ್ಲಿ ನಿಮ್ಮ ಮಾತು ಇನ್ನೊಬ್ಬರ ಮಾತಿನ ಮೇಲೆ ಬೀಳುತ್ತದೆ.

ಕಂಪ್ಯೂಟರ್ ಗೊತ್ತಿದ್ದವರು ಮನೆಯಲ್ಲಿದ್ದರೆ ಇನ್ನೊಂದು ಪರೀಕ್ಷೆ ಮಾಡಿಸಿ. ಕಮಾಂಡ್ ಪ್ರಾಂಪ್ಟ್ ತೆರೆದು ಗೂಗಲ್‌ನ 8.8.8.8 ವಿಳಾಸಕ್ಕೆ ನೂರು ಸಲ ಪಿಂಗ್ ಕಳಿಸಿ. ನೂರಕ್ಕೆ ನೂರೂ ವಾಪಸ್ ಬರಬೇಕು. ಒಂದು ತಪ್ಪಿದರೆ ಸರಿ ಎನ್ನಬಹುದು. ನಾಲ್ಕೈದು ತಪ್ಪಿದರೆ ವೇಗ ಎಷ್ಟೇ ಇರಲಿ, ವಿಡಿಯೋ ಕಾಲ್ ತುಂಡುತುಂಡಾಗುತ್ತದೆ.

ಇದನ್ನು ಒಂದು ವಾರ ಬರೆದಿಡಿ. ನಾನು ಅಡುಗೆಮನೆಯ ಕ್ಯಾಲೆಂಡರಿನಲ್ಲೇ ಬರೆದೆ. ಹಾಲಿನ ಲೆಕ್ಕದ ಪಕ್ಕ ಬೆಳಿಗ್ಗೆ 96, ರಾತ್ರಿ 31, ಪಿಂಗ್ 140. ಶನಿವಾರ ಇನ್ನೂ ಕಮ್ಮಿ. ಏಳು ದಿನದ ಅಂಕಿ ಕಣ್ಣೆದುರು ಇದ್ದಾಗ ಕಂಪನಿಯವರ ಹತ್ತಿರ ಮಾತಾಡಲು ಧೈರ್ಯ ಬಂತು.

ಲೈನ್ ಯಾವ ದಾರಿಯಲ್ಲಿ ಬರುತ್ತದೆ?

ನನ್ನ ಮಟ್ಟಿಗೆ ಇದೇ ದೊಡ್ಡ ಪ್ರಶ್ನೆ. ಲೈನು ನೂರಕ್ಕೆ 99ರಷ್ಟು ಹೊತ್ತು ಸರಿ ಇರುತ್ತದೆ ಎಂದು ಯಾರಾದರೂ ಹೇಳಿದರೆ ಲೆಕ್ಕ ಮಾಡಿ. ತಿಂಗಳಿಗೆ 720 ಗಂಟೆ. ಅದರಲ್ಲಿ ನೂರಕ್ಕೆ ಒಂದು ಅಂದರೆ 7 ಗಂಟೆಗೂ ಹೆಚ್ಚು. ವರ್ಷಕ್ಕೆ ಮೂರೂವರೆ ದಿನ. ನಮ್ಮಲ್ಲಿ ಅದು ತಿಂಗಳಿಗಿಷ್ಟು ಎಂದು ಹಂಚಿಕೊಂಡು ಬರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಎಲ್ಲ ಬರುತ್ತದೆ.

ಮನೆಯಿಂದ ಹೊರಟು ಆ ತಂತಿಯ ಹಿಂದೆ ಒಂದಷ್ಟು ದೂರ ನಡೆದು ನೋಡಿ. ಕಂಬದಿಂದ ಕಂಬಕ್ಕೆ ಹೋಗಿದೆಯಾ, ಮರಕ್ಕೆ ಕಟ್ಟಿದ್ದಾರಾ? ಮರಕ್ಕೆ ಕಟ್ಟಿದ್ದು ಮೊದಲ ಗಾಳಿಗೇ ಬೀಳುತ್ತದೆ. ಜಾಯಿಂಟ್ ಡಬ್ಬಿಯ ಮುಚ್ಚಳ ಸರಿ ಕೂತಿದೆಯಾ? ಕರಾವಳಿಯಲ್ಲಾದರೆ ಉಪ್ಪುಗಾಳಿಗೆ ಕಬ್ಬಿಣದ ಕ್ಲಾಂಪು ತುಕ್ಕು ಹಿಡಿದಿದೆಯಾ ಎಂದೂ ನೋಡಿ. ರಸ್ತೆ ಅಗಲ ಮಾಡುವ ಕಡೆ ನೆಲದಡಿಯ ಕೇಬಲ್ ಜೆಸಿಬಿ ಬಾಯಿಗೆ ಸಿಗುವುದು ನಮಗೆಲ್ಲ ಗೊತ್ತೇ ಇದೆ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿಹೋಯಿತು. ಜೀವಗಳು ಹೋದ ಆ ದುರಂತದ ಮುಂದೆ ಇಂಟರ್ನೆಟ್ ಸಣ್ಣ ಮಾತು. ಆದರೂ ಕೇಬಲ್ ಹೋಗುವುದೂ ರಿಪೇರಿಯವರು ಬರುವುದೂ ಅದೇ ರಸ್ತೆಯಲ್ಲಿ ಎಂಬುದು ನಮ್ಮ ಜಿಲ್ಲೆಯಲ್ಲಿ ಮರೆಯುವ ಹಾಗಿಲ್ಲ. ಎರಡು ಕಂಪನಿಗಳಲ್ಲಿ ಒಂದರ ಲೈನು ಹುಬ್ಬಳ್ಳಿ ಕಡೆಯಿಂದ, ಇನ್ನೊಂದರದ್ದು ಘಟ್ಟದ ಕೆಳಗಿನಿಂದ ಬರುತ್ತಿದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ.

ಇದನ್ನೆಲ್ಲ ಹೇಳಬಲ್ಲವರು ಲೈನ್‌ಮನ್ ಮಾತ್ರ. ಹೋದ ಮಳೆಗಾಲದಲ್ಲಿ ನಮ್ಮಲ್ಲಿಗೆ ಬಂದ ಹುಡುಗ ಕಂಬಳಿಕೊಪ್ಪೆ ಹಾಕಿಕೊಂಡು ಬೇಲಿಯ ಹತ್ತಿರ ಕೂತು ಜಾಯಿಂಟ್ ಡಬ್ಬಿ ಬಿಚ್ಚಿದ. ನಾನು ಕೊಡೆ ಹಿಡಿದು ನಿಂತೆ. ಒಳಗೆ ನೀರು ನಿಂತಿತ್ತು. ಕೂದಲಿನಷ್ಟು ಸಣ್ಣ ಎಳೆಯನ್ನು ಒರೆಸಿ, ತುದಿ ಕತ್ತರಿಸಿ, ಮಷಿನ್‌ನಲ್ಲಿಟ್ಟು ಬೆಸೆದ. ಕೈಯಲ್ಲೊಂದು ಪುಟ್ಟ ಮೀಟರ್.

"ನೋಡಿ ಅಕ್ಕಾ, ಮೊದಲು ಮೈನಸ್ 29 ಇತ್ತು. ಈಗ 21."

"ಎಷ್ಟಿರಬೇಕು ತಮ್ಮಾ?"

"ಹದಿನೈದರಿಂದ ಇಪ್ಪತ್ತೈದರ ಒಳಗಿದ್ರೆ ಚಿಂತೆ ಇಲ್ಲ. 27 ದಾಟಿದ್ರೆ ಡಬ್ಬಿಯ ಕೆಂಪು ದೀಪ ಹತ್ತೋದೇ."

ಅದು ಮನೆಗೆ ತಲುಪುವ ಬೆಳಕಿನ ಅಳತೆ, ಡಿಬಿಎಂ ಎನ್ನುತ್ತಾರೆ. ಮೈನಸ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಮ್ಮಿ. 21 ಇದ್ದದ್ದು 24 ಆದರೆ ಬೆಳಕು ಅರ್ಧ ಆದ ಹಾಗೆ. ಹೊಸ ಕನೆಕ್ಷನ್ ಕೊಡುವ ದಿನವೇ ಇದನ್ನು ಅಳೆದು ಹೇಳಲು ಕೇಳಿ, ಡಬ್ಬಿಯ ಬೆನ್ನಿಗೆ ಚೀಟಿ ಅಂಟಿಸಿ. ಬೇಸಿಗೆಯಲ್ಲೇ 26 ಇದ್ದರೆ ಆ ಲೈನು ಮಳೆಗಾಲ ದಾಟುವುದಿಲ್ಲ. ಆಗಲೇ ಸರಿಮಾಡಿಸಿ.

ಆ ಹುಡುಗನನ್ನು ಇನ್ನೂ ಎರಡು ಕೇಳಿದೆ. ಈ ಲೈನಿಗೆ ನೀವು ಎಷ್ಟು ಜನ ಇದ್ದೀರಿ, ಎಷ್ಟು ಊರು ನೋಡಬೇಕು? ನಡುವೆ ಎಲ್ಲಾದರೂ ಕರೆಂಟು ಬೇಕಾದ ಪೆಟ್ಟಿಗೆ ಇದೆಯಾ? ಸರಿಯಾದ ಫೈಬರ್ ಲೈನಿನಲ್ಲಿ ಎಳೆ ಹಂಚುವ ಡಬ್ಬಿಗೆ ಕರೆಂಟು ಬೇಡ. ಕರೆಂಟು ಬೇಕಾಗುವುದು ಎಕ್ಸ್‌ಚೇಂಜಿನಲ್ಲಿ ಮತ್ತು ಮನೆಯಲ್ಲಿ, ಅಷ್ಟೇ. ಆದರೆ ಕೆಲವರು ನಡುವೆ ಯಾರದೋ ಅಂಗಡಿಯಲ್ಲಿ ಕರೆಂಟಿನಲ್ಲಿ ನಡೆಯುವ ನೆಟ್‌ವರ್ಕ್ ಸ್ವಿಚ್ ಪೆಟ್ಟಿಗೆ ಇಟ್ಟು ಲೈನನ್ನು ಮುಂದಕ್ಕೆ ಎಳೆದಿರುತ್ತಾರೆ. ಆ ಅಂಗಡಿಯಲ್ಲಿ ಕರೆಂಟು ಹೋದರೆ ನಿಮ್ಮ ಮನೆಯಲ್ಲಿ ಇನ್ವರ್ಟರ್ ಇದ್ದೂ ಉಪಯೋಗವಿಲ್ಲ.

ಮನೆಯ ಡಬ್ಬಿಗೆ ಒಂದು ಪುಟ್ಟ ಯುಪಿಎಸ್, ಅಂದರೆ ಕರೆಂಟು ಹೋದಾಗ ಅದನ್ನು ನಡೆಸುವ ಬ್ಯಾಟರಿ, ಹಾಕಿಸಿ. ಬಹಳಷ್ಟು ರೂಟರ್‌ಗಳು 12 ವೋಲ್ಟ್‌ನವು, ಕೊಳ್ಳುವ ಮುಂಚೆ ಅಡಾಪ್ಟರ್ ಮೇಲೆ ಬರೆದಿದ್ದನ್ನು ನೋಡಿ. ಸಿಡಿಲು ಬರುವಾಗ ಪ್ಲಗ್ ಕಿತ್ತುಬಿಡಿ. ಫೈಬರ್ ಗಾಜಿನದ್ದು, ಅದರಲ್ಲಿ ಸಿಡಿಲು ಹರಿಯುವುದಿಲ್ಲ. ಡಬ್ಬಿ ಸುಡುವುದು ಹೆಚ್ಚಾಗಿ ಕರೆಂಟಿನ ತಂತಿಯಿಂದ.

ದುಡ್ಡಿನ ಲೆಕ್ಕ

ಬೋರ್ಡಿನಲ್ಲಿ 499 ಎಂದಿದ್ದರೆ ಶೇ 18 ಜಿಎಸ್‌ಟಿ ಸೇರಿ 589 ಆಗುತ್ತದೆ. ಡಬ್ಬಿಯ ಠೇವಣಿ, ಕೇಬಲ್ ಎಳೆಯುವ ಖರ್ಚು, ಆರು ತಿಂಗಳು ಮುಂಗಡ ಕಟ್ಟಬೇಕಾ – ಎಲ್ಲ ಸೇರಿಸಿ ಒಂದು ವರ್ಷಕ್ಕೆ ಎಷ್ಟು ಎಂದು ಹೋಲಿಸಿ. 'ಅನ್‌ಲಿಮಿಟೆಡ್' ಎಂದರೂ ಮಿತಿ ಇರುತ್ತದೆ. ಹಲವು ಪ್ಲಾನ್‌ಗಳಲ್ಲಿ ಅದು ತಿಂಗಳಿಗೆ 3300 ಜಿಬಿ, ದಿನಕ್ಕೆ 110. ಮನೆ ಬಳಕೆಗೆ ಮುಗಿಯುವುದಿಲ್ಲ. ಅಗ್ಗದ ಪ್ಲಾನ್‌ಗಳಲ್ಲಿ ಮಿತಿ ಕಮ್ಮಿ ಇರಬಹುದು, ಕೇಳಿ. ಮಳೆಗಾಲ ನೋಡದೆ ವರ್ಷದ ಮುಂಗಡ ಮಾತ್ರ ಕಟ್ಟಬೇಡಿ.

ಬದಲಾಯಿಸುವಾಗ

ದೂರು ಕೊಟ್ಟಾಗ ಸಿಗುವ ಡಾಕೆಟ್ ನಂಬರನ್ನು ಪ್ರತಿ ಸಲ ಬರೆದಿಡಿ. ಮೊದಲ ಹಂತದಲ್ಲಿ ಕೆಲಸ ಆಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಅಲ್ಲಿ ಆ ನಂಬರ್ ಬೇಕಾಗುತ್ತದೆ. ನಾನು ಆ 11 ದಿನದಲ್ಲಿ ಒಂದನ್ನೂ ಬರೆದಿಟ್ಟಿರಲಿಲ್ಲ.

ಹೊಸ ಲೈನ್ ಬಂದ ದಿನವೇ ಹಳೆಯದನ್ನು ಕಿತ್ತುಹಾಕಬೇಡಿ. ಒಂದು ತಿಂಗಳು ಎರಡೂ ಇರಲಿ. ರಾತ್ರಿ ಒಂಬತ್ತರ ಅಂಕಿ ಎರಡರದ್ದೂ ಬರೆಯಿರಿ, ಒಂದು ಒಳ್ಳೆಯ ಮಳೆಯಾದರೂ ಆಗಲಿ. ಹೊಸದು ಸರಿ ಎನಿಸಿದ ಮೇಲೆ ಹಳೆಯದನ್ನು ಲಿಖಿತವಾಗಿ ನಿಲ್ಲಿಸಿ. ಡಬ್ಬಿ ಅವರದ್ದಾದರೆ ಅಡಾಪ್ಟರ್ ಸಮೇತ ವಾಪಸ್ ಕೊಟ್ಟು ರಸೀದಿ ತೆಗೆದುಕೊಳ್ಳಿ. ಠೇವಣಿ ಬ್ಯಾಂಕಿಗೆ ಬರುವವರೆಗೆ ಆ ರಸೀದಿ ಎಸೆಯಬೇಡಿ.