ನಂಬರ್ ಪಕ್ಕದಲ್ಲಿ ತಾರೀಕು: ನಮ್ಮ ಪಂಚಾಯಿತಿಯ ಸಹಾಯವಾಣಿ ಪಟ್ಟಿ

ಹೊಸನಗರದ ಕಡೆ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವವನು ನಾನು. ಸಹಾಯವಾಣಿ ನಂಬರುಗಳ ಪಟ್ಟಿ ಮಾಡ್ತೀನಿ ಅಂದಾಗ, "ಎಲ್ಲಾ ಗೂಗಲ್‌ನಲ್ಲಿ ಇದೆಯಲ್ಲ ಮಾರಾಯ, ಬೇರೆ ಕೆಲಸ ಇಲ್ವಾ?" ಅಂತ ನಕ್ಕವರೇ ಜಾಸ್ತಿ. ಈಗ ಪಕ್ಕದ ಪಂಚಾಯಿತಿಯವರು ಬಂದು ಅದನ್ನೇ ಜೆರಾಕ್ಸ್ ಮಾಡಿಸಿಕೊಂಡು ಹೋಗುತ್ತಿದ್ದಾರೆ. ಸ್ವಲ್ಪ ಜಂಬ ಕೊಚ್ಚಿಕೊಂಡರೆ ತಪ್ಪಿಲ್ಲ, ಅಲ್ವಾ?

ಮೊದಲು ಫ್ಲೆಕ್ಸ್ ಮಾಡಿಸಿದೆ. ಸಾವಿರದ ಹತ್ತಿರ ಖರ್ಚು, ಕೈಯಿಂದಲೇ. ಬಸ್ ಸ್ಟಾಂಡಿನಲ್ಲಿ ಒಂದು ತಿಂಗಳು ಇತ್ತೋ ಇಲ್ಲವೋ, ಆಮೇಲೆ ಯಾರದೋ ಸೌದೆ ರಾಶಿಯ ಮೇಲೆ ಹೊದಿಕೆಯಾಗಿ ಕಂಡಿತು. ಮಳೆಗಾಲ ಹತ್ತಿರ ಬಂದಿತ್ತು, ಬೈಯಲೂ ಮನಸ್ಸಾಗಲಿಲ್ಲ. ಆಮೇಲೆ ಲ್ಯಾಮಿನೇಷನ್. ಅಂಚಿನಿಂದ ತೇವ ಒಳಗೆ ಹೋಗಿ ಆಗಸ್ಟ್ ಹೊತ್ತಿಗೆ ಬೂಷ್ಟು ಹಿಡಿಯಿತು. ವಾಟ್ಸಾಪ್ ಗ್ರೂಪಿಗೆ ಹಾಕಿದ ಪಟ್ಟಿ ಶುಭೋದಯ ಮತ್ತು ಅಡಿಕೆ ರೇಟಿನ ಕೆಳಗೆ ಹೂತುಹೋಯಿತು. ಈಗ ಸಾದಾ ಜೆರಾಕ್ಸು, ಪ್ಲಾಸ್ಟಿಕ್ ಫೈಲ್ ಕವರಿನೊಳಗೆ. ಕವರಿನ ಬಾಯಿ ಕೆಳಗೆ ಮಾಡಿ ಮೊಳೆ ಹೊಡೆಯಬೇಕು. ಹಾಲಿನ ಡೈರಿ, ನ್ಯಾಯಬೆಲೆ ಅಂಗಡಿ, ಅಂಗನವಾಡಿ, ಹೀಗೆ ಏಳೆಂಟು ಕಡೆ. ತಿಂಗಳಿಗೆ ಐವತ್ತು ರೂಪಾಯಿ ದಾಟುವುದಿಲ್ಲ.

ಕಾಗದದ ಕಥೆ ಹೀಗಾದರೆ ನಂಬರಿನ ಕಥೆ ಇನ್ನೂ ಕೆಟ್ಟದ್ದು. ನೆಟ್‌ನಲ್ಲಿ ಸಿಕ್ಕಿದ ಲ್ಯಾಂಡ್‌ಲೈನ್‌ಗಳಲ್ಲಿ ಅರ್ಧಕ್ಕರ್ಧ ಸತ್ತಿದ್ದವು. ಸಾಹೇಬರ ಮೊಬೈಲ್ ನಂಬರ್ ಹಾಕಿದರೆ, ವರ್ಗಾವಣೆ ಆದ ಮೇಲೆ ಅದು ಬೀದರ್‌ನಲ್ಲಿ ರಿಂಗ್ ಆಗುತ್ತದೆ. ಹಾಗಾಗಿ ತಿಂಗಳಿಗೊಮ್ಮೆ ಕೂತು ನಾನೇ ಕರೆ ಮಾಡುತ್ತೇನೆ. ನಂಬರ್ ಪಕ್ಕ ಪೆನ್ಸಿಲ್‌ನಲ್ಲಿ ತಾರೀಕು, ಅದರ ಮುಂದೆ ಒಂದು ಸಾಲು: "ತೆಗೆದರು. ಕನ್ನಡ ಬರುತ್ತೆ. ಊಟದ ಹೊತ್ತಲ್ಲಿ ಮಾಡಬೇಡಿ." ತೆಗೆಯದಿದ್ದರೆ ಅದನ್ನೂ ಬರೆಯುತ್ತೇನೆ. ಜನ ಈಗ ನಂಬರಿಗಿಂತ ಮೊದಲು ತಾರೀಕು ನೋಡುತ್ತಾರೆ. 108, 112ಕ್ಕೆ ಮಾತ್ರ ಪರೀಕ್ಷೆಗೆ ಅಂತ ಸುಮ್ನೆ ಕರೆ ಮಾಡಬೇಡಿ, ಆ ಲೈನಿಗೆ ಯಾರೋ ಕಾಯುತ್ತಿರುತ್ತಾರೆ. ಕಚೇರಿಯವರು ಫೋನ್ ಎತ್ತಿದ ಕೂಡಲೇ ನಾನು ಹೇಳುವ ಮೊದಲ ಮಾತೊಂದಿದೆ. ಅದರಿಂದ ಅವರು ಫೋನ್ ಇಡುವುದಿಲ್ಲ. ಅದು ನನ್ನಲ್ಲೇ ಇರಲಿ.

ಇಲಾಖೆಯ ಹೆಸರು ಯಾರಿಗೆ ಬೇಕು? ನಾನು ನಂಬರ್ ಮುಂದೆ ಜನರ ಕಷ್ಟವನ್ನೇ ಬರೆದೆ. "ವಯಸ್ಸಾದವರನ್ನು ಮಕ್ಕಳು ನೋಡಿಕೊಳ್ತಿಲ್ಲ": 14567, ಬೆಳಿಗ್ಗೆ 8ರಿಂದ ರಾತ್ರಿ 8. "ನಿದ್ದೆ ಬರ್ತಿಲ್ಲ, ಮನಸ್ಸು ಸರಿ ಇಲ್ಲ": 14416, ನಡುರಾತ್ರಿಯಾದರೂ ಸರಿ. "ಫೋನಿನಲ್ಲಿ ದುಡ್ಡು ಹೋಯ್ತು": 1930, ಆ ಕ್ಷಣವೇ. "ಲಾಯರಿಗೆ ಕೊಡೋಕೆ ದುಡ್ಡಿಲ್ಲ": 15100. ಹೆಂಗಸರು, ಮಕ್ಕಳು, ಪರಿಶಿಷ್ಟರು, ಅಂಗವಿಕಲರಿಗೆ ಆದಾಯ ಎಷ್ಟಿದ್ದರೂ ಈ ಕಾನೂನು ನೆರವು ಉಚಿತ ಅಂತ 1987ರ ಕಾಯ್ದೆಯಲ್ಲೇ ಇದೆ. ಅದನ್ನು ದಪ್ಪಕ್ಷರದಲ್ಲಿ ಬರೆದ ಮೇಲೆ ಕೇಳಿಕೊಂಡು ಬರುವವರು ಹೆಚ್ಚಾದರು.

ಹೆಂಗಸರ ಸಹಾಯವಾಣಿ 181 ಮಾತ್ರ ಗೋಡೆಯ ಮೇಲೆ ಕೆಲಸ ಮಾಡಲಿಲ್ಲ. ಡೈರಿ ಮುಂದೆ ನಿಂತು ಆ ನಂಬರ್ ಬರೆದುಕೊಂಡರೆ ಯಾರ ಮನೆ ಸೊಸೆ ಅಂತ ಸಂಜೆಯೊಳಗೆ ಊರಿಗೇ ಗೊತ್ತಾಗುತ್ತದೆ. ಬೆಂಕಿಪೊಟ್ಟಣದಷ್ಟು ಚೀಟಿ ಮಾಡಿ ಬೇರೊಂದು ಜಾಗದಲ್ಲಿ ಇಟ್ಟೆ. ಎಲ್ಲಿ ಅಂತ ಹೇಳಲ್ಲ, ಹೇಳಿದರೆ ಅದರ ಉಪಯೋಗವೇ ಹೋಗುತ್ತದೆ. ವಾರಕ್ಕೆ ಐದಾರು ಖಾಲಿಯಾಗುತ್ತಿವೆ.

ನಡುವೆ ಕ್ಯೂಆರ್ ಕೋಡ್ ಕೂಡ ಅಂಟಿಸಿ ನೋಡಿದೆ. ನೆಟ್‌ವರ್ಕ್ ಇಲ್ಲದ ಊರಲ್ಲಿ ಅದು ಗೋಡೆಗೆ ಬಿಡಿಸಿದ ರಂಗೋಲಿ ಅಷ್ಟೇ. ಅದರ ಬದಲು ಪಟ್ಟಿಯ ತುದಿಗೆ "ಸಿಗ್ನಲ್ ಸಿಗೋದು ನೀರಿನ ಟ್ಯಾಂಕ್ ದಿಬ್ಬದಲ್ಲಿ" ಅಂತ ಬರೆದೆ. ನಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕಿದರೆ 112ಕ್ಕೆ ಕರೆ ಹೋಗುತ್ತದೆ ಅಂತಲೂ ಸೇರಿಸಿದೆ.

ಈಗ ಕೈಗೆತ್ತಿಕೊಂಡಿರುವುದು ಯುಡಿಐಡಿ ಕಾರ್ಡಿನ, ಅಂದರೆ ಅಂಗವಿಕಲರ ಗುರುತಿನ ಚೀಟಿಯ, ವೈದ್ಯಕೀಯ ತಪಾಸಣೆ ದಿನ. ಶಿವಮೊಗ್ಗದವರೆಗೆ ಹೋಗಿ "ಡಾಕ್ಟರ್ ಇವತ್ತಿಲ್ಲ" ಅನ್ನಿಸಿಕೊಂಡು ಬಂದರೆ ಇಬ್ಬರ ಬಸ್ ಚಾರ್ಜು, ಒಂದು ದಿನದ ಕೂಲಿ ಎರಡೂ ಹೋಯಿತು. ನಮ್ಮ ವಿಆರ್‌ಡಬ್ಲ್ಯೂ (ಪಂಚಾಯಿತಿಯಲ್ಲಿ ಅಂಗವಿಕಲರ ಕೆಲಸ ನೋಡಿಕೊಳ್ಳುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಹಿಂದಿನ ದಿನ ಫೋನ್ ಮಾಡಿ ಖಚಿತ ಮಾಡಿಕೊಳ್ಳುತ್ತಾರೆ, ನಾನು ಡೈರಿಯ ಬೋರ್ಡಿನಲ್ಲಿ ಸೀಮೆಸುಣ್ಣದಿಂದ ಬರೆಯುತ್ತೇನೆ. ಸಂಜೆ ಹಾಲು ಹಾಕಲು ಬಂದವರು ಓದಿಕೊಂಡು ಹೋಗುತ್ತಾರೆ.