ಫೋಟೊ ಪೇಪರ್ ಕೊಳ್ಳೋ ಮೊದಲು ಗೋಡೆ ನೋಡಿ

ತುಮಕೂರಿನ ನನ್ನ ಸ್ಟುಡಿಯೊಗೆ, ಮನೆಗೆ ಇಂಕ್ ಟ್ಯಾಂಕ್ ಪ್ರಿಂಟರ್ ತಂದವರು ಬಂದು ಕೇಳೋದು ಒಂದೇ: "ಅಣ್ಣಾ, ಎಷ್ಟು ಜಿಎಸ್‌ಎಂ ತಗೊಳ್ಲಿ?" ನಾನು ಕೇಳೋದು, ಫೋಟೊ ಎಲ್ಲಿರುತ್ತೆ, ಯಾರು ಮುಟ್ತಾರೆ?

ಜಿಎಸ್‌ಎಂ ಅಂದ್ರೆ ಒಂದು ಚದರ ಮೀಟರ್ ಹಾಳೆಯ ತೂಕ, ಅಷ್ಟೇ. 180 ಜಿಎಸ್‌ಎಂ ಪೇಪರಿನ 16 ಎ4 ಹಾಳೆ ತಕ್ಕಡಿಗೆ ಹಾಕಿದ್ರೆ 180 ಗ್ರಾಂ ತೂಗುತ್ತೆ. ಬಣ್ಣ ಹಿಡಿಯೋದು ಮೇಲಿನ ಲೇಪ, ತೂಕ ಅಲ್ಲ.

ಸ್ಟೇಷನರಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗೋ ಹೈ ಗ್ಲಾಸಿ ಬಹುಪಾಲು ಬರೀ ಕಾಗದದ ಮೇಲೆ ಹೊಳಪು ಲೇಪಿಸಿದ್ದು. ತಿರುಗಿಸಿ ಹಿಂಬದಿಗೆ ಒಂದು ಹನಿ ನೀರು ಹಾಕಿ, ಹೀರಿಕೊಳ್ಳುತ್ತೆ. ಆರ್‌ಸಿ (ರೆಸಿನ್ ಕೋಟೆಡ್) ಪೇಪರ್ ಬೇರೆ: ಕಾಗದದ ಎರಡೂ ಬದಿಗೆ ತೆಳು ಪ್ಲಾಸ್ಟಿಕ್ ಪದರ ಇರುತ್ತೆ. ಹಿಂಬದಿಗೆ ಹಾಕಿದ ನೀರು ಹಾಗೇ ನಿಲ್ಲುತ್ತೆ, ಮೂಲೆ ಹರಿದ್ರೆ ಅಂಚಿನಲ್ಲಿ ಪ್ಲಾಸ್ಟಿಕ್ ಎಳೆ ಕಾಣುತ್ತೆ. ಆಲ್ಬಂಗೆ, ಫ್ರೇಮಿಗೆ ಇದೇ ತಗೊಳ್ಳಿ. ಮಕ್ಕಳ ಸ್ಕೂಲ್ ಪ್ರಾಜೆಕ್ಟಿಗೆ ಅಗ್ಗದ್ದೇ ಸಾಕು, ದುಡ್ಡು ಯಾಕೆ ಸುರೀತೀರ.

ಹೆಚ್ಚು ಯೋಚನೆ ಮಾಡಬೇಕಾದ್ದು ತೀರಿಕೊಂಡವರ ಫೋಟೊಗೆ. ತಿಥಿಗೆ ಅರ್ಜೆಂಟು ಅಂತ ಬರ್ತಾರೆ, "ಮಿಂಚಬೇಕು, ಗ್ಲಾಸಿ ಹಾಕಿ" ಅಂತಾರೆ. ಆ ಫೋಟೊ ನಡುಮನೆಯ ಗೋಡೆಗೆ, ಬಾಗಿಲ ಎದುರಿಗೇ ಹೋಗುತ್ತೆ. ಮೇಲೆ ಗಾಜು, ಗಾಜಿನ ಮೇಲೆ ಕುಂಕುಮ, ಹೂವಿನ ಹಾರ. ಹಾರದ ನೀರು, ಮಳೆಗಾಲದ ತೇವ ಒಳಗೆ ಇಳಿದ್ರೆ ಗ್ಲಾಸಿ ಮೇಲ್ಮೈ ಗಾಜಿಗೆ ಕಚ್ಚಿಕೊಳ್ಳುತ್ತೆ. ಆಮೇಲೆ ಬಿಡಿಸೋಕೆ ಹೋದ್ರೆ ಮುಖದ ಬಣ್ಣವೇ ಗಾಜಿಗೆ ಬರುತ್ತೆ. ಅದಕ್ಕೆ ಲಸ್ಟರ್ ತಗೊಳ್ಳಿ, ಸಣ್ಣ ಹರಳು ಹರಳು ಮೇಲ್ಮೈ ಇರೋದು. ಬಾಗಿಲ ಬೆಳಕಿಗೆ ಅಷ್ಟು ಹೊಳೆಯಲ್ಲ, ಬೆರಳ ಗುರುತೂ ಕಾಣಲ್ಲ. ಫ್ರೇಮಿನವರಿಗೆ ಮೌಂಟ್, ಅಂದ್ರೆ ಫೋಟೊ ಸುತ್ತ ರಟ್ಟಿನ ಅಂಚು ಹಾಕೋಕೆ ಹೇಳಿ, ಗಾಜಿಗೂ ಫೋಟೊಗೂ ನಡುವೆ ಸ್ವಲ್ಪ ಜಾಗ ಬಿಡ್ಲಿ. ಬಿಸಿಲು ನೇರ ಬೀಳೋ ಗೋಡೆಯಾದ್ರೆ ಮನೆ ಪ್ರಿಂಟರಿನ ಡೈ ಇಂಕ್ (ದ್ರವದಲ್ಲಿ ಕರಗಿರೋ ಬಣ್ಣ) ಬೇಗ ಮಂಕಾಗುತ್ತೆ. ಫೋಟೊ ಲ್ಯಾಬಿನಲ್ಲಿ ಪ್ರಿಂಟ್ ಹಾಕಿಸಿ, ಇಲ್ಲಾ ಗೋಡೆ ಬದಲಾಯಿಸಿ.

ಅರ್ಜಿಗೆ ಅಂಟಿಸೋ ಪಾಸ್‌ಪೋರ್ಟ್ ಸೈಜಿಗೆ ಮ್ಯಾಟ್, ಅಂದ್ರೆ ಹೊಳಪಿಲ್ಲದ ಪೇಪರ್ ವಾಸಿ. 4×6 ಇಂಚಿನ ಹಾಳೆಯಲ್ಲಿ 35×45 ಮಿಲಿಮೀಟರಿನ 8 ಫೋಟೊ ಕೂರುತ್ತೆ. ಅರ್ಧ ಫೋಟೊ ಮೇಲೆ, ಅರ್ಧ ಅರ್ಜಿ ಮೇಲೆ ಸೈನ್ ಹಾಕಿ ಸೀಲ್ ಒತ್ತುವಾಗ ಗ್ಲಾಸಿ ಆದ್ರೆ ಒಣಗೋ ಮೊದಲೇ ಕಲಸಿಹೋಗುತ್ತೆ. ಗುಮಾಸ್ತರು ಬೈಯೋದು ನಿಮ್ಮನ್ನ.

ದೇವರಾಯನದುರ್ಗದ ಬೆಳಗಿನ ಮಂಜು ಮ್ಯಾಟ್‌ನಲ್ಲಿ ಚೆಂದ. ಆದ್ರೆ ಕೈದಾಳದ ಚೆನ್ನಕೇಶವನ ಕರಿಕಲ್ಲು ಮ್ಯಾಟ್‌ಗೆ ಹಾಕಿದ್ರೆ ಕಪ್ಪು ಬೂದಿ ಬಣ್ಣಕ್ಕೆ ತಿರುಗುತ್ತೆ. ಗಾಢ ಕಪ್ಪು ಬೇಕಿದ್ರೆ ಗ್ಲಾಸಿ ಅಥವಾ ಲಸ್ಟರ್.

ಕೊಳ್ಳೋ ಮೊದಲು ನಿಮ್ಮ ಪ್ರಿಂಟರಿನ ಕಪ್ಪು ಇಂಕ್ ಯಾವುದು ನೋಡಿ. ಕ್ಯಾನನ್ ಜಿ ಸರಣಿಯ ಎಷ್ಟೋ ಮಾಡೆಲ್‌ಗಳಲ್ಲಿ ಕಪ್ಪು ಪಿಗ್ಮೆಂಟ್ (ಕರಗದ ಸಣ್ಣ ಕಣಗಳ ಇಂಕ್), ಬಣ್ಣಗಳು ಡೈ. ಪ್ರಿಂಟ್ ಕೊಡುವಾಗ ಪೇಪರ್ ಟೈಪ್ 'ಪ್ಲೇನ್' ಅಂತಲೇ ಬಿಟ್ರೆ ಆ ಪಿಗ್ಮೆಂಟ್ ಕಪ್ಪು ಗ್ಲಾಸಿ ಒಳಗೆ ಇಳಿಯಲ್ಲ, ಮೇಲೇ ಕೂತು ಬೆರಳಿಗೆ ಮೆತ್ತುತ್ತೆ. 'ಫೋಟೊ ಪೇಪರ್ ಗ್ಲಾಸಿ' ಆರಿಸಿದ್ರೆ ಕಪ್ಪನ್ನ ಬಣ್ಣಗಳಿಂದಲೇ ಬೆರೆಸಿ ಕೊಡುತ್ತೆ. ಪೇಪರ್ ಸರಿಯಿಲ್ಲ ಅಂತ ವಾಪಸ್ ತರೋವರಲ್ಲಿ ಹೆಚ್ಚಿನವರದ್ದು ಇದೇ ಕತೆ.

ಮ್ಯಾಟ್‌ನಲ್ಲಿ ಯಾವ ಬದಿ ಅಂತ ಗೊತ್ತಾಗದಿದ್ರೆ ಬೆರಳಿಗೆ ಚೂರು ತೇವ ಮಾಡಿ ಮೂಲೆ ಮುಟ್ಟಿ. ಅಂಟಿದ ಹಾಗಾಗೋ ಬದಿಯೇ ಪ್ರಿಂಟಿನದ್ದು. ಬಂದ ಫೋಟೊ ಒಂದರ ಮೇಲೊಂದು ಪೇರಿಸಬೇಡಿ, ಗಾಜು ಹಾಕೋ ಮೊದಲು ಒಂದು ದಿನ ಬಿಡಿಯಾಗಿ ಆರಲಿ. ಮಿಕ್ಕ ಹಾಳೆ ಅದೇ ಕವರಿಗೆ ಹಾಕಿ, ಬಾಯಿಗೆ ಟೇಪ್ ಅಂಟಿಸಿ ಮಲಗಿಸಿಡಿ. ಬೀರು ಪಕ್ಕ ನಿಲ್ಲಿಸಿಟ್ರೆ ಬಾಗುತ್ತೆ, ಬಾಗಿದ್ದು ಪ್ರಿಂಟರ್ ಒಳಗೆ ಇಂಕ್ ಚಿಮ್ಮಿಸೋ ಹೆಡ್‌ಗೆ ಉಜ್ಜುತ್ತೆ.