17–9–2ರ ಹಿಂದೆ ಏನಿದೆ? ರಾಜ್ಯದ ಲೋಕಸಭಾ ಫಲಿತಾಂಶವನ್ನು ಲೆಕ್ಕ ಹಾಕಿ ಓದುವ ಬಗೆ

2024ರ ಜೂನ್ 4ರಂದು ಕರ್ನಾಟಕದ 28 ಲೋಕಸಭಾ ಕ್ಷೇತ್ರಗಳ ಮತ ಎಣಿಕೆ ಮುಗಿದಾಗ ಬಿಜೆಪಿಗೆ 17, ಕಾಂಗ್ರೆಸ್‌ಗೆ 9, ಜೆಡಿಎಸ್‌ಗೆ 2 ಸ್ಥಾನಗಳು ಬಂದಿದ್ದವು. ಹತ್ತು ವರ್ಷ ಹಿಂದೆ, 2014ರ ಮೇ 16ರಂದು ಪ್ರಕಟವಾದ ಫಲಿತಾಂಶವೂ 17, 9, 2 ಎಂದೇ ಇತ್ತು. ಅಂಕಿಗಳಷ್ಟನ್ನೇ ನೋಡಿದವರು ರಾಜ್ಯ 2014ಕ್ಕೆ ಮರಳಿದೆ ಎಂದುಬಿಡಬಹುದು. ಆದರೆ ಒಂದು ಗೆರೆಹಾಳೆ, ಪೆನ್ನು ಮತ್ತು ಚುನಾವಣಾ ಆಯೋಗ ಪ್ರಕಟಿಸಿರುವ ಕೋಷ್ಟಕಗಳನ್ನು ಇಟ್ಟುಕೊಂಡು ಅರ್ಧ ದಿನ ಕುಳಿತರೆ ಆ ಮಾತು ನಿಲ್ಲುವುದಿಲ್ಲ. ಹಾಗೆ ಕುಳಿತು ಲೆಕ್ಕ ಹಾಕುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಕ್ಷೇತ್ರಗಳ ಹೆಸರು ಬರೆಯಿರಿ

ಹಾಳೆಯ ಎಡಬದಿಯಲ್ಲಿ ಚಿಕ್ಕೋಡಿಯಿಂದ ಕೋಲಾರದವರೆಗೆ 28 ಕ್ಷೇತ್ರಗಳ ಹೆಸರುಗಳನ್ನು ಬರೆದು, ಅವುಗಳ ಮುಂದೆ 2014, 2019 ಮತ್ತು 2024ಕ್ಕೆ ಒಂದೊಂದು ಅಂಕಣ ಎಳೆದು, ಗೆದ್ದ ಪಕ್ಷವನ್ನು ನಮೂದಿಸಿ. ಒಟ್ಟು ಸಂಖ್ಯೆಯನ್ನು ಕೊನೆಗೆ ಕೂಡಿದರೆ ಸಾಕು.

2014ರಲ್ಲಿ ಕಾಂಗ್ರೆಸ್ ಗೆದ್ದ ಒಂಬತ್ತು ಕ್ಷೇತ್ರಗಳೆಂದರೆ ಚಿಕ್ಕೋಡಿ, ಗುಲ್ಬರ್ಗ, ರಾಯಚೂರು, ಚಿತ್ರದುರ್ಗ, ತುಮಕೂರು, ಚಾಮರಾಜನಗರ, ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ ಮತ್ತು ಕೋಲಾರ. 2024ರ ಒಂಬತ್ತು ಕ್ಷೇತ್ರಗಳು ಚಿಕ್ಕೋಡಿ, ಗುಲ್ಬರ್ಗ, ರಾಯಚೂರು, ಬೀದರ್, ಕೊಪ್ಪಳ, ಬಳ್ಳಾರಿ, ದಾವಣಗೆರೆ, ಹಾಸನ ಮತ್ತು ಚಾಮರಾಜನಗರ. ಎರಡೂ ಪಟ್ಟಿಗಳಲ್ಲಿ ಇರುವವು ನಾಲ್ಕು ಮಾತ್ರ. ಬೆಂಗಳೂರಿನ ಸುತ್ತಮುತ್ತ ಮತ್ತು ಅದರ ಉತ್ತರಕ್ಕೆ ಹಬ್ಬಿದ್ದ ಐದು ಕ್ಷೇತ್ರಗಳು ಕಾಂಗ್ರೆಸ್‌ನ ಕೈಬಿಟ್ಟಿವೆ. ಕಲ್ಯಾಣ ಕರ್ನಾಟಕದ ಐದಕ್ಕೆ ಐದೂ ಕ್ಷೇತ್ರಗಳು ಅದರ ಪಾಲಾಗಿವೆ. ಜೆಡಿಎಸ್ 2014ರಲ್ಲಿ ಹಾಸನ ಮತ್ತು ಮಂಡ್ಯವನ್ನು ಗೆದ್ದಿದ್ದರೆ, 2024ರಲ್ಲಿ ಹಾಸನವನ್ನು ಕಳೆದುಕೊಂಡು ಮಂಡ್ಯ ಮತ್ತು ಕೋಲಾರವನ್ನು ಗೆದ್ದಿತು. ಒಟ್ಟು ಸಂಖ್ಯೆ ಒಂದೇ ಆದರೂ ಭೂಪಟ ಬೇರೆಯೇ ಆಗಿದೆ.

ಬಂದದ್ದು, ಹೋದದ್ದು ಬೇರೆ ಬೇರೆ ಬರೆಯಿರಿ

2019ರಲ್ಲಿ ಬಿಜೆಪಿ 25 ಕ್ಷೇತ್ರಗಳನ್ನು ಗೆದ್ದಿತ್ತು. ಅದು 17ಕ್ಕೆ ಇಳಿದದ್ದರಿಂದ ಎಂಟು ಸ್ಥಾನ ಹೋಯಿತು ಎಂದಷ್ಟೇ ಬರೆದುಕೊಂಡರೆ ಅರ್ಧ ಮಾತ್ರ ತಿಳಿದಂತಾಗುತ್ತದೆ. ಬೀದರ್, ಗುಲ್ಬರ್ಗ, ರಾಯಚೂರು, ಕೊಪ್ಪಳ, ಬಳ್ಳಾರಿ, ಚಿಕ್ಕೋಡಿ, ದಾವಣಗೆರೆ ಮತ್ತು ಚಾಮರಾಜನಗರ ಎಂಬ ಎಂಟು ಕ್ಷೇತ್ರಗಳನ್ನು ಅದು ಕಾಂಗ್ರೆಸ್‌ಗೆ ಸೋತಿತು. ಒಂಬತ್ತನೆಯದಾದ ಕೋಲಾರವನ್ನು ಸೋತದ್ದಲ್ಲ, ಮೈತ್ರಿಯ ಕಾರಣದಿಂದ ಜೆಡಿಎಸ್‌ಗೆ ಬಿಟ್ಟುಕೊಟ್ಟದ್ದು. ಇದಕ್ಕೆ ಪ್ರತಿಯಾಗಿ ಕಾಂಗ್ರೆಸ್ 2019ರಲ್ಲಿ ಗೆದ್ದಿದ್ದ ಏಕೈಕ ಕ್ಷೇತ್ರವಾದ ಬೆಂಗಳೂರು ಗ್ರಾಮಾಂತರ ಬಿಜೆಪಿಗೆ ಬಂತು. 25ರಿಂದ 9 ಕಳೆದು 1 ಕೂಡಿದರೆ 17.

ಮಂಡ್ಯದ ಸಾಲಿನಲ್ಲಿ ಸ್ವಲ್ಪ ನಿಲ್ಲಬೇಕು. 2019ರಲ್ಲಿ ಅಲ್ಲಿ ಬಿಜೆಪಿ ಅಭ್ಯರ್ಥಿಯಾಗಲಿ ಕಾಂಗ್ರೆಸ್ ಅಭ್ಯರ್ಥಿಯಾಗಲಿ ಇರಲಿಲ್ಲ. ಬಿಜೆಪಿ ಬೆಂಬಲ ಪಡೆದ ಪಕ್ಷೇತರ ಅಭ್ಯರ್ಥಿ ಸುಮಲತಾ ಅವರು, ಕಾಂಗ್ರೆಸ್ ಜತೆಗಿನ ಮೈತ್ರಿಯಲ್ಲಿ ನಿಂತಿದ್ದ ಜೆಡಿಎಸ್‌ನ ನಿಖಿಲ್ ಕುಮಾರಸ್ವಾಮಿ ಅವರನ್ನು 1,25,876 ಮತಗಳಿಂದ ಸೋಲಿಸಿದ್ದರು. 2024ರಲ್ಲಿ ಅದೇ ಜೆಡಿಎಸ್ ಬಿಜೆಪಿಯ ಜತೆಗಿತ್ತು, ಎಚ್.ಡಿ. ಕುಮಾರಸ್ವಾಮಿ ಅವರು 2,84,620 ಮತಗಳಿಂದ ಗೆದ್ದರು. ಇಂಥ ಕ್ಷೇತ್ರದಲ್ಲಿ ಪಕ್ಷದ ಹೆಸರು ಹಿಡಿದು ಐದು ವರ್ಷಗಳನ್ನು ಹೋಲಿಸಿದರೆ ತಪ್ಪು ಉತ್ತರವೇ ಬರುತ್ತದೆ. ಆದ್ದರಿಂದ ಪಕ್ಷದ ಹೆಸರಿನ ಪಕ್ಕದಲ್ಲಿ ಅದು ಆ ವರ್ಷ ಯಾರ ಜತೆಗಿತ್ತು ಎಂಬುದನ್ನೂ ಚಿಕ್ಕದಾಗಿ ಬರೆದುಕೊಳ್ಳಿ.

ಮತಪ್ರಮಾಣವನ್ನು ಹೋಲಿಸುವ ಮುನ್ನ

ಹೆಚ್ಚಿನವರು ಎಡವುವುದು ಇಲ್ಲಿ. 2024ರಲ್ಲಿ ಬಿಜೆಪಿಗೆ ಶೇ 46.06, ಕಾಂಗ್ರೆಸ್‌ಗೆ ಶೇ 45.43, ಜೆಡಿಎಸ್‌ಗೆ ಶೇ 5.60 ಮತ ದೊರೆತವು. ಮೊದಲ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು, ಎರಡು ಪಕ್ಷಗಳ ನಡುವೆ ಕೂದಲೆಳೆಯ ಅಂತರವಿತ್ತು ಎಂದು ಫಲಿತಾಂಶದ ಮರುದಿನದಿಂದಲೇ ಹೇಳಲಾಯಿತು. ಆದರೆ ಕಾಂಗ್ರೆಸ್ ಎಲ್ಲ 28 ಕ್ಷೇತ್ರಗಳಲ್ಲಿ ಸ್ಪರ್ಧಿಸಿತ್ತು, ಬಿಜೆಪಿ 25ರಲ್ಲಿ ಮಾತ್ರ. ಮಂಡ್ಯ, ಹಾಸನ ಮತ್ತು ಕೋಲಾರದಲ್ಲಿ ಮೈತ್ರಿಯ ಮತಗಳು ಜೆಡಿಎಸ್ ಖಾತೆಗೆ ಸೇರಿದವು. ಎರಡನ್ನೂ ಕೂಡಿದರೆ ಮೈತ್ರಿಕೂಟದ ಪ್ರಮಾಣ ಶೇ 51.66 ಆಗುತ್ತದೆ. ಕಾಂಗ್ರೆಸ್‌ಗಿಂತ ಆರು ಅಂಶಗಳಷ್ಟು ಮುಂದಿರುವುದನ್ನು ಕೂದಲೆಳೆ ಎನ್ನಲಾಗದು.

ಇದೇ ತಪ್ಪು ಇನ್ನೊಂದು ಬದಿಯಿಂದಲೂ ಆಗುತ್ತದೆ. 2019ರಲ್ಲಿ ಶೇ 31.88 ಇದ್ದ ಕಾಂಗ್ರೆಸ್ 2024ರಲ್ಲಿ ಶೇ 45.43ಕ್ಕೆ ಏರಿದ್ದನ್ನು ಹದಿಮೂರೂವರೆ ಅಂಶಗಳ ಜಿಗಿತ ಎಂದು ಬಣ್ಣಿಸುವುದು ಸುಲಭ. 2019ರಲ್ಲಿ ಕಾಂಗ್ರೆಸ್ 21 ಕ್ಷೇತ್ರಗಳಲ್ಲಿ ನಿಂತು, ಉಳಿದ ಏಳನ್ನು ಜೆಡಿಎಸ್‌ಗೆ ಬಿಟ್ಟಿತ್ತು ಎಂಬುದನ್ನು ಮರೆತರೆ ಮಾತ್ರ ಆ ವರ್ಣನೆ ಸರಿ. ಆ ವರ್ಷದ ಜೆಡಿಎಸ್ ಪಾಲು ಶೇ 9.67 ಸೇರಿಸಿದರೆ ಮೈತ್ರಿಯ ಮತ ಶೇ 41.55 ಆಗುತ್ತದೆ, ನಿಜವಾದ ಏರಿಕೆ ನಾಲ್ಕು ಅಂಶಗಳ ಒಳಗೇ ನಿಲ್ಲುತ್ತದೆ. ಜತೆಗಿದ್ದ ಜೆಡಿಎಸ್ ಎದುರು ಪಾಳೆಯಕ್ಕೆ ಹೋದ ಮೇಲೂ ಇಷ್ಟು ಏರಿದ್ದು ಸಣ್ಣ ಸಾಧನೆಯೇನಲ್ಲ ಎಂಬುದು ನನ್ನ ಅಭಿಪ್ರಾಯ, ಆದರೆ ಅದು ಬೇರೆ ಚರ್ಚೆ.

ಬಿಜೆಪಿ ಪಾಳೆಯದ ಲೆಕ್ಕ ಇನ್ನೂ ಕುತೂಹಲಕರ. 2019ರ ಶೇ 51.38ಕ್ಕೆ, ಸುಮಲತಾ ಅವರು ಪಡೆದ ಏಳು ಲಕ್ಷಕ್ಕೂ ಹೆಚ್ಚಿನ ಮತಗಳನ್ನು, ಅಂದರೆ ರಾಜ್ಯದ ಒಟ್ಟು ಮತದಲ್ಲಿ ಸುಮಾರು ಶೇ 2ನ್ನು ಸೇರಿಸಿದರೆ ಶೇ 53ರ ಮೇಲಾಗುತ್ತದೆ. ಅಲ್ಲಿಂದ 51.66ಕ್ಕೆ ಬಂದದ್ದು ಎರಡು ಅಂಶಗಳಿಗಿಂತ ಕಡಿಮೆ ಇಳಿಕೆ. ಸ್ಥಾನಗಳು ಮಾತ್ರ 26ರಿಂದ 19ಕ್ಕೆ ಕುಸಿದವು. ಹೆಚ್ಚು ಮತ ಪಡೆದವರಷ್ಟೇ ಗೆಲ್ಲುವ ನಮ್ಮ ಪದ್ಧತಿಯಲ್ಲಿ, ಮತ ಎಷ್ಟು ಇಳಿಯಿತು ಎಂಬುದಕ್ಕಿಂತ ಎಲ್ಲಿ ಇಳಿಯಿತು ಎಂಬುದೇ ಸ್ಥಾನಗಳನ್ನು ತೀರ್ಮಾನಿಸುತ್ತದೆ.

ಶೇಕಡಾವಾರು ಅಂಕಿಗಳು ಒಂದೊಂದು ಮೂಲದಲ್ಲಿ ಕೊಂಚ ಬೇರೆ ಕಾಣಿಸಿದರೆ ಗಾಬರಿಯಾಗಬೇಕಿಲ್ಲ. ನೋಟಾ ಮತಗಳನ್ನು ಒಟ್ಟಿನಲ್ಲಿ ಸೇರಿಸಿದರೆ ಒಂದು ಉತ್ತರ, ಬಿಟ್ಟರೆ ಇನ್ನೊಂದು ಉತ್ತರ ಬರುತ್ತದೆ. ಯಾವುದಾದರೂ ಒಂದನ್ನು ಹಿಡಿದು ಕೊನೆಯವರೆಗೆ ಅದನ್ನೇ ಬಳಸಿ.

ಕ್ಷೇತ್ರದ ಒಳಹೊಕ್ಕು ನೋಡುವುದು

ರಾಜ್ಯದ ಪ್ರತಿ ಲೋಕಸಭಾ ಕ್ಷೇತ್ರದಲ್ಲೂ ಎಂಟು ವಿಧಾನಸಭಾ ಕ್ಷೇತ್ರಗಳಿವೆ. 28ನ್ನು 8ರಿಂದ ಗುಣಿಸಿದರೆ 224. ಮತ ಎಣಿಕೆ ನಡೆಯುವುದೂ ವಿಧಾನಸಭಾ ಕ್ಷೇತ್ರವಾರು. ಈ ವಿವರಕ್ಕೆ ಬೇಕಾದ ದಾಖಲೆ ‘ನಮೂನೆ 20’. ಮತಗಟ್ಟೆವಾರು ಯಾರಿಗೆ ಎಷ್ಟು ಮತ ಬಿತ್ತು ಎಂಬುದು ಅದರಲ್ಲಿ ಸಾಲು ಸಾಲಾಗಿ ಇರುತ್ತದೆ, ರಾಜ್ಯದ ಮುಖ್ಯ ಚುನಾವಣಾಧಿಕಾರಿಯವರ ಜಾಲತಾಣದಲ್ಲಿ ದೊರೆಯುತ್ತದೆ. ಅಂಚೆ ಮತಗಳು ಇಡೀ ಲೋಕಸಭಾ ಕ್ಷೇತ್ರದ ಲೆಕ್ಕಕ್ಕೆ ಪ್ರತ್ಯೇಕವಾಗಿ ಸೇರುತ್ತವೆ. ಎಂಟು ಮೊತ್ತಗಳನ್ನು ಕೂಡಿದ ಮೇಲೆ ಅಂತಿಮ ಅಂಕಿಗೆ ತಾಳೆಯಾಗದಿದ್ದರೆ ಮೊದಲು ಆ ಸಾಲನ್ನು ನೋಡಿ.

ಬೆಂಗಳೂರು ಸೆಂಟ್ರಲ್ ಕ್ಷೇತ್ರವನ್ನು ತೆಗೆದುಕೊಳ್ಳಿ. ಬಿಜೆಪಿಯ ಪಿ.ಸಿ. ಮೋಹನ್ ಅವರಿಗೆ 6,58,915, ಕಾಂಗ್ರೆಸ್‌ನ ಮನ್ಸೂರ್ ಅಲಿ ಖಾನ್ ಅವರಿಗೆ 6,26,208 ಮತಗಳು ಬಂದವು, ಅಂತರ 32,707. ಮಹದೇವಪುರ ಎಂಬ ಒಂದೇ ವಿಧಾನಸಭಾ ಕ್ಷೇತ್ರದಲ್ಲಿ ಬಿಜೆಪಿಗೆ ದೊರೆತ ಲೀಡ್ 1,14,046. ಅಂದರೆ ಉಳಿದ ಏಳು ಕ್ಷೇತ್ರಗಳು ಮತ್ತು ಅಂಚೆ ಮತ ಸೇರಿ ನೋಡಿದರೆ ಕಾಂಗ್ರೆಸ್ 81 ಸಾವಿರಕ್ಕೂ ಹೆಚ್ಚು ಮತಗಳಿಂದ ಮುಂದಿತ್ತು. ಮಹದೇವಪುರದ ಮತದಾರರ ಪಟ್ಟಿಯ ಬಗ್ಗೆ 2025ರಲ್ಲಿ ರಾಹುಲ್ ಗಾಂಧಿ ಅವರು ಆರೋಪ ಮಾಡಿದರು, ಚುನಾವಣಾ ಆಯೋಗ ಅದನ್ನು ಅಲ್ಲಗಳೆಯಿತು. ಆ ವಿವಾದದಲ್ಲಿ ಯಾರ ಪರ ವಹಿಸುವವರಿಗೂ ಈ ಕೂಡುವ, ಕಳೆಯುವ ಲೆಕ್ಕ ಮೊದಲು ತಿಳಿದಿರಬೇಕು.

ಶಾಸಕರ ಸಂಖ್ಯೆ ನೋಡಿ ಲೋಕಸಭೆಯನ್ನು ಊಹಿಸುವ ಅಭ್ಯಾಸವನ್ನು ಬೆಂಗಳೂರು ಗ್ರಾಮಾಂತರ ಬಿಡಿಸುತ್ತದೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿನ ಎಂಟರಲ್ಲಿ ಕುಣಿಗಲ್, ಮಾಗಡಿ, ರಾಮನಗರ, ಕನಕಪುರ ಮತ್ತು ಆನೇಕಲ್ ಕಾಂಗ್ರೆಸ್‌ಗೆ ಹೋಗಿದ್ದವು. ಒಂದೇ ವರ್ಷದ ಬಳಿಕ ಕಾಂಗ್ರೆಸ್‌ನ ಡಿ.ಕೆ. ಸುರೇಶ್ ಅವರು ಬಿಜೆಪಿಯ ಡಾ. ಸಿ.ಎನ್. ಮಂಜುನಾಥ್ ಅವರೆದುರು 2,69,647 ಮತಗಳಿಂದ ಸೋತರು. ಹೆಸರಿನಲ್ಲಿ ‘ಗ್ರಾಮಾಂತರ’ ಇದ್ದರೂ ರಾಜರಾಜೇಶ್ವರಿನಗರ, ಬೆಂಗಳೂರು ದಕ್ಷಿಣ ಮತ್ತು ಆನೇಕಲ್‌ನ ದೊಡ್ಡ ನಗರ ಮತದಾರ ಸಮೂಹ ಈ ಕ್ಷೇತ್ರದಲ್ಲೇ ಇದೆ. ಸಾಲದೆಂಬಂತೆ 2023ರಲ್ಲಿ ಪರಸ್ಪರ ಎದುರಾಳಿಗಳಾಗಿದ್ದ ಬಿಜೆಪಿ ಮತ್ತು ಜೆಡಿಎಸ್ ಈ ಬಾರಿ ಒಂದಾಗಿದ್ದವು.

ಜಿಲ್ಲೆಯ ಹೆಸರನ್ನೂ ಕುರುಡಾಗಿ ನಂಬುವಂತಿಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರ ಮತ್ತು ಕಿತ್ತೂರು ಉತ್ತರ ಕನ್ನಡ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ, ಉಡುಪಿ ಜಿಲ್ಲೆಯ ಬೈಂದೂರು ಶಿವಮೊಗ್ಗಕ್ಕೆ, ತುಮಕೂರು ಜಿಲ್ಲೆಯ ಶಿರಾ ಮತ್ತು ಪಾವಗಡ ಚಿತ್ರದುರ್ಗಕ್ಕೆ, ಬೆಂಗಳೂರಿನ ಯಲಹಂಕ ಚಿಕ್ಕಬಳ್ಳಾಪುರಕ್ಕೆ ಸೇರಿವೆ.

ಗೆಲುವಿನ ಅಂತರವನ್ನು ಮತಗಳ ಸಂಖ್ಯೆಯಲ್ಲಿ ಬರೆದ ಮೇಲೆ ಶೇಕಡಾವಾರೂ ಬರೆಯುವುದು ಒಳ್ಳೆಯದು. ಮೊದಲ ಇಬ್ಬರ ಮತಗಳನ್ನು ಕೂಡಿ ಅಂತರವನ್ನು ಅದರಿಂದ ಭಾಗಿಸಿದರೆ ಸಾಕು: ಬೆಂಗಳೂರು ಸೆಂಟ್ರಲ್‌ನಲ್ಲಿ ಶೇ 2.5, ಗ್ರಾಮಾಂತರದಲ್ಲಿ ಶೇ 14ರ ಮೇಲೆ.

ಕೊನೆಯದಾಗಿ, 2023ರ ಕೋಷ್ಟಕದೊಂದಿಗೆ ಹೋಲಿಸುವವರು ಮೂರು ಸಾಲುಗಳಿಗೆ ಗುರುತು ಹಾಕಿಕೊಳ್ಳಬೇಕು. ಬಳ್ಳಾರಿಯಲ್ಲಿ ಗೆದ್ದ ಇ. ತುಕಾರಾಂ, ಹಾವೇರಿಯಲ್ಲಿ ಗೆದ್ದ ಬಸವರಾಜ ಬೊಮ್ಮಾಯಿ ಮತ್ತು ಮಂಡ್ಯದಲ್ಲಿ ಗೆದ್ದ ಕುಮಾರಸ್ವಾಮಿ ಅವರು ಶಾಸಕ ಸ್ಥಾನ ತೆರವು ಮಾಡಿದ್ದರಿಂದ ಸಂಡೂರು, ಶಿಗ್ಗಾವಿ ಮತ್ತು ಚನ್ನಪಟ್ಟಣದಲ್ಲಿ 2024ರ ನವೆಂಬರ್ 13ರಂದು ಉಪಚುನಾವಣೆ ನಡೆದು, ಮೂರನ್ನೂ ಕಾಂಗ್ರೆಸ್ ಗೆದ್ದಿತು. ಹೀಗಾಗಿ ವಿಧಾನಸಭೆಯ ಇಂದಿನ ಬಲಾಬಲವನ್ನು ಲೋಕಸಭಾ ಅಂಕಿಗಳ ಪಕ್ಕದಲ್ಲಿ ಇಡಬಾರದು. 2023ರ ಮೇ ತಿಂಗಳ ಮೂಲ ಫಲಿತಾಂಶವಾದ ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19 ಎಂಬುದನ್ನೇ ಇಡಬೇಕು.